ಬಸ್ಸಿನ ಹೊತ್ತು, ಕಾಯುವವರ ಹೊತ್ತು

ತುಮಕೂರು ನಗರದ ನಕ್ಷೆಯನ್ನು ಎದುರಿಗಿರಿಸಿಕೊಂಡು ನೋಡಿದವರಿಗೆ ಪ್ರಥಮತಃ ಗೋಚರಿಸುವುದು, ಆಗ್ನೇಯ ದಿಕ್ಕಿನ ಕ್ಯಾತ್ಸಂದ್ರದಿಂದ ಮೊದಲ್ಗೊಂಡು, ಬಟವಾಡಿಯನ್ನು ದಾಟಿ, ವಿಶ್ವವಿದ್ಯಾನಿಲಯದ ಮುಂಭಾಗವನ್ನೂ ಭದ್ರಮ್ಮ ವೃತ್ತವನ್ನೂ ಟೌನ್ ಹಾಲನ್ನೂ ಹಾದು, ಗುಬ್ಬಿ ಗೇಟಿನ ಮಾರ್ಗವಾಗಿ ಪಶ್ಚಿಮಕ್ಕೆ ಹೊರಬೀಳುವ ಬಿ.ಎಚ್. ರಸ್ತೆ. ಬೆಂಗಳೂರಿನಿಂದ ಹೊನ್ನಾವರದ ಕಡಲತೀರಕ್ಕೆ ಸಾಗುವ ಆ ಹಳೆಯ ಹೆದ್ದಾರಿಯ ಇಕ್ಕೆಲಗಳಲ್ಲಿ ಊರು ಬೆಳೆದು, 1880ರ ದಶಕದಲ್ಲಿ ಮೈಸೂರು ಸಂಸ್ಥಾನದ ರೈಲು ತುಮಕೂರಿಗೂ ಗುಬ್ಬಿಗೂ ಬಂದಾಗ ಹಳಿಯೂ ಹೆಚ್ಚುಕಡಿಮೆ ಅದೇ ದಿಕ್ಕನ್ನು ಹಿಡಿದು, ಶಾಲೆ, ಕಾಲೇಜು, ಆಸ್ಪತ್ರೆ, ನ್ಯಾಯಾಲಯಗಳೆಲ್ಲ ಅದರ ಆಸುಪಾಸಿನಲ್ಲಿಯೇ ನೆಲಸಿದುವು. 2011ರ ಜನಗಣತಿಯಲ್ಲಿಯೇ ಮೂರು ಲಕ್ಷವನ್ನು ಮೀರಿದ್ದ ಈ ಜನಸಮುದಾಯಕ್ಕೆ, ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಗುಬ್ಬಿಯಿಂದಲೂ, ದಕ್ಷಿಣಕ್ಕೆ ಅದರ ಇಮ್ಮಡಿಗೆ ತುಸು ಕಡಮೆಯಿರುವ ಕುಣಿಗಲ್ಲಿನಿಂದಲೂ, ನಡುವಣ ಹಳ್ಳಿಗಳಿಂದಲೂ ದಿನವೂ ಬೆಳಗ್ಗೆ ಬಂದು ಸಂಜೆ ಮರಳುವ ವಿದ್ಯಾರ್ಥಿಗಳು, ಗುಮಾಸ್ತರು, ಗಾರೆ ಕೆಲಸದವರು, ಹೂವು ಸೊಪ್ಪು ಮಾರುವವರು, ರೋಗಿಗಳು ಮತ್ತು ಅವರ ಜೊತೆಯವರು ಸೇರಿದರೆ, ಬೆಳಗಿನ ಹೊತ್ತಿನಲ್ಲಿ ಆ ಒಂದು ರಸ್ತೆ ಹೊರಬೇಕಾದ ಭಾರ ಎಷ್ಟೆಂಬುದು ಊಹೆಗೆ ನಿಲುಕುತ್ತದೆ.

ಗುಬ್ಬಿಯವರಿಗಾದರೋ ರೈಲೆಂಬ ಮತ್ತೊಂದು ಆಸರೆಯುಂಟು. ಕುಣಿಗಲ್ಲಿನವರಿಗೆ ತುಮಕೂರಿನ ಮಟ್ಟಿಗೆ ಅದೂ ಇಲ್ಲ. 2017ರಲ್ಲಿ ಬೆಂಗಳೂರು–ಹಾಸನ ರೈಲುಮಾರ್ಗ ಸಂಚಾರಕ್ಕೆ ತೆರೆದಾಗ ಕುಣಿಗಲ್ಲಿಗೂ ರೈಲು ಬಂದಿತು, ನಿಜ; ಆದರೆ ಆ ಹಳಿಯೂ ತುಮಕೂರಿನ ಹಳಿಯೂ ಕೂಡುವುದು ಬೆಂಗಳೂರಿನ ಅಂಚಿನ ಚಿಕ್ಕಬಾಣಾವರದಲ್ಲಿ. ತಮ್ಮದೇ ಜಿಲ್ಲೆಯ ಕೇಂದ್ರಸ್ಥಾನಕ್ಕೆ, ಜಿಲ್ಲಾಧಿಕಾರಿಗಳ ಕಚೇರಿಗೆ, ಜಿಲ್ಲಾಸ್ಪತ್ರೆಗೆ ಬರಬೇಕಾದ ಕುಣಿಗಲ್ ತಾಲ್ಲೂಕಿನ ಪ್ರಜೆಗೆ, ಸ್ವಂತ ವಾಹನವಿಲ್ಲದಿದ್ದಲ್ಲಿ, ಹೆಬ್ಬೂರು, ನಾಗವಲ್ಲಿ, ಗೂಳೂರುಗಳನ್ನು ಹಾದು ಬರುವ ಬಸ್ಸೇ ಗತಿ. ಇಂತಹ ಜನರ ಪಾಲಿಗೆ ಬಸ್ಸು ಎಂಬುದು ಇತರ ಅನುಕೂಲಗಳಲ್ಲಿ ಒಂದು ಅನುಕೂಲವಲ್ಲ. ಮಗಳ ಓದು, ಗಂಡನ ಕೂಲಿ, ತಾಯಿಯ ಔಷಧ ಎಲ್ಲವೂ ಅದು ಬರುವ ಹೊತ್ತನ್ನು ಅವಲಂಬಿಸಿವೆ. ಆ ಹೊತ್ತು ಯಾವುದೆಂಬುದು ಕಾಯುವವರಿಗೆ ಮಾತ್ರ ತಿಳಿಯದಿರುವುದೇ, ನನ್ನ ಅಭಿಪ್ರಾಯದಲ್ಲಿ, ನಮ್ಮ ನಗರ ಹಾಗೂ ತಾಲ್ಲೂಕು ಬಸ್ಸುಗಳ ಸಕಲ ಕ್ಲೇಶಗಳಲ್ಲಿ ಅಗ್ರಗಣ್ಯವಾದದ್ದು. ಬಸ್ಸುಗಳ ಕೊರತೆಯ ಮಾತನ್ನು ಎಲ್ಲರೂ ಆಡುತ್ತಾರೆ, ಅದು ಸತ್ಯವೂ ಹೌದು. ಆದರೆ ಇರುವ ಬಸ್ಸಿನ ಹೊತ್ತು ತಿಳಿಯದೆ ಉಂಟಾಗುವ ನಷ್ಟದ ಮಾತನ್ನು ಆಡುವವರು ವಿರಳ.

ವೇಳಾಪಟ್ಟಿಯೇ ಇಲ್ಲವೆಂದಲ್ಲ. ಡಿಪೋದಿಂದ ಹೊರಡುವ ಪ್ರತಿಯೊಂದು ಬಸ್ಸಿಗೂ ಒಂದು ಷೆಡ್ಯೂಲು ಉಂಟು. ಅದು ಮುಂಜಾನೆ ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಟ್ರಿಪ್ಪು ಮಾಡಬೇಕು, ಯಾವ ತುದಿಯಲ್ಲಿ ಎಷ್ಟು ನಿಮಿಷ ತಂಗಬೇಕು, ಚಾಲಕ ನಿರ್ವಾಹಕರು ಊಟಕ್ಕೆ ಎಲ್ಲಿ ಇಳಿಯಬೇಕು, ರಾತ್ರಿ ಎಲ್ಲಿ ನಿಲ್ಲಬೇಕು ಎಂಬುದೆಲ್ಲ ನಿಮಿಷ ನಿಮಿಷವಾಗಿ ಬರೆಯಲ್ಪಟ್ಟಿರುತ್ತದೆ. ಆ ಕಾಗದ ನಿರ್ವಾಹಕರಿಗೆ ಗೊತ್ತು, ನಿಲ್ದಾಣದಲ್ಲಿ ಮೇಜಿನ ಹಿಂದೆ ಕುಳಿತ ಸಂಚಾರ ನಿಯಂತ್ರಕರಿಗೆ ಗೊತ್ತು, ತನಿಖೆಗೆ ಬರುವ ಅಧಿಕಾರಿಗೆ ಗೊತ್ತು. ಖಾಸಗಿ ಬಸ್ಸುಗಳ ಲೋಕದಲ್ಲಿಯಂತೂ ಹೊತ್ತಿನ ಪ್ರಜ್ಞೆ ಇನ್ನೂ ತೀಕ್ಷ್ಣ: ಹಿಂದಿನ ಬಸ್ಸಿನವನು ತನ್ನ ಸಮಯಕ್ಕಿಂತ ಎರಡು ನಿಮಿಷ ಮೊದಲೇ ಹೊರಟನೆಂದು ನಿಲ್ದಾಣದಲ್ಲಿ ಏಜೆಂಟರ ನಡುವೆ ಜಗಳವಾಗುವುದನ್ನು ಕಂಡವರು ಅನೇಕರಿರಬಹುದು. ಹೀಗೆ ಬಸ್ಸನ್ನು ಓಡಿಸುವವರೆಲ್ಲರೂ ನಿಮಿಷದ ಲೆಕ್ಕದಲ್ಲಿ ಬದುಕುತ್ತಿರುವಾಗ, ಯಾರಿಗಾಗಿ ಆ ಲೆಕ್ಕವೆಲ್ಲ ನಡೆದಿದೆಯೋ ಆ ಪ್ರಯಾಣಿಕ ಮಾತ್ರ ರಸ್ತೆಯ ತಿರುವಿನ ಕಡೆಗೆ ಕಣ್ಣು ನೆಟ್ಟು ನಿಂತಿರುತ್ತಾನೆ.

ಈ ವಿಷಯದಲ್ಲಿ ಕಾನೂನು ಮೌನವಾಗಿದೆಯೇ ಎಂದು ಕೇಳಿದರೆ, ಇಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 72ನೆಯ ಪ್ರಕರಣ, ಬಸ್ಸಿಗೆ ಪರವಾನಗಿ ಕೊಡುವಾಗ ಪ್ರಾದೇಶಿಕ ಸಾರಿಗೆ ಪ್ರಾಧಿಕಾರವು ವಿಧಿಸಬಹುದಾದ ಷರತ್ತುಗಳನ್ನು ಹೇಳುತ್ತದೆ. ಅನುಮೋದಿತ ವೇಳಾಪಟ್ಟಿಯ ಪ್ರತಿಗಳನ್ನು ವಾಹನದಲ್ಲಿಯೂ, ಮಾರ್ಗದ ನಿರ್ದಿಷ್ಟ ನಿಲ್ದಾಣಗಳಲ್ಲಿಯೂ ನಿಲುಗಡೆಗಳಲ್ಲಿಯೂ ಪ್ರದರ್ಶಿಸತಕ್ಕದ್ದೆಂಬುದು ಅವುಗಳಲ್ಲೊಂದು. ಆ ವೇಳಾಪಟ್ಟಿಯಿಂದ ಬಸ್ಸು ಎಷ್ಟರಮಟ್ಟಿಗೆ ಹಿಂದುಮುಂದಾಗಬಹುದೆಂಬ ಮಿತಿಯನ್ನು ನಿಗದಿಪಡಿಸುವುದು ಮತ್ತೊಂದು. ಪುರಸಭೆಯ ಎಲ್ಲೆಯೊಳಗೆ ಗೊತ್ತುಮಾಡಿದ ಸ್ಥಳಗಳಲ್ಲಿಯೇ ಹೊರತು ಬೇರೆಡೆ ಜನರನ್ನು ಹತ್ತಿಸಲೂ ಇಳಿಸಲೂ ಕೂಡದೆಂಬುದು ಇನ್ನೊಂದು. ವೇಳೆ, ನಿಲುಗಡೆ ಎಂಬ ಎರಡು ತೊಡಕುಗಳಿಗೂ ಔಷಧವನ್ನು ಆ ಅಧಿನಿಯಮ ರಚಿಸಿದವರು ಅಂದೇ ಕಪಾಟಿನಲ್ಲಿರಿಸಿದ್ದಾರೆ. ಅದನ್ನು ತೆಗೆದುಕೊಡುವ ಕೈ ಬೇಕಾಗಿದೆ.

ಗೂಳೂರಿನ ಕಡೆಯ ಒಂದು ನಿಲುಗಡೆಯಲ್ಲಿ ಒಂದು ಮಧ್ಯಾಹ್ನ ಕಂಡ ಸಂಗತಿಯನ್ನು ಇಲ್ಲಿ ಹೇಳಬೇಕು. ಬಿದಿರು ಮಕ್ಕರಿಯನ್ನು ಪಕ್ಕದಲ್ಲಿಟ್ಟುಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ತಂಗುದಾಣದ ನೆರಳು ಸರಿದಂತೆ ತಾನೂ ಸರಿಯುತ್ತ ಕುಳಿತಿದ್ದ ವೃದ್ಧೆಯೊಬ್ಬರು, ಅಲ್ಲಿಯೇ ಎಳನೀರು ಕೊಚ್ಚುತ್ತಿದ್ದ ಯುವಕನನ್ನು "ಕುಣಿಗಲ್ ಬಸ್ಸು ಎಷ್ಟೊತ್ಗಪ್ಪಾ?" ಎಂದು ಕೇಳಿದರು. "ಈಗ ಬರ್ತೈತೆ ಕಣಜ್ಜಿ, ಕೂತ್ಕೊ" ಎಂದು ಅವನು ತಲೆಯೆತ್ತದೆ ಹೇಳಿದ. ಸ್ವಲ್ಪ ಹೊತ್ತಿನಲ್ಲಿ ಬಂದುದು ಖಾಸಗಿ ಬಸ್ಸು. ಅದು ನಿಂತಿತು, ಕ್ಲೀನರ್ "ಹೆಬ್ಬೂರು, ಕುಣಿಗಲ್" ಎಂದು ಕೂಗಿದ, ಅಜ್ಜಿ ಎದ್ದವರು ಬಸ್ಸಿನ ಬಣ್ಣವನ್ನು ನೋಡಿ ಮತ್ತೆ ಕುಳಿತರು. "ಸರ್ಕಾರಿದು ಯಾವಾಗ ಬತ್ತದೆ?" ಎಂಬ ಎರಡನೆಯ ಪ್ರಶ್ನೆಗೆ ಯುವಕನ ಬಳಿ ಉತ್ತರವಿರಲಿಲ್ಲ, ಅಲ್ಲಿದ್ದ ಯಾರ ಬಳಿಯೂ ಇರಲಿಲ್ಲ. ತಂಗುದಾಣದ ಗೋಡೆಯ ಮೇಲೆ ಅದನ್ನು ಕಟ್ಟಿಸಿಕೊಟ್ಟವರ ಹೆಸರೂ ವರ್ಷವೂ ದಪ್ಪ ಅಕ್ಷರಗಳಲ್ಲಿದ್ದುವು, ಟ್ಯೂಷನ್ ತರಗತಿಯ ಭಿತ್ತಿಪತ್ರವಿತ್ತು. ಬಸ್ಸಿನ ಹೊತ್ತು ಇರಲಿಲ್ಲ.

ಆ ಅಜ್ಜಿ ಏಕೆ ಕುಳಿತರೆಂಬುದನ್ನು ಗ್ರಹಿಸಿದರೆ ಇಂದಿನ ಪರಿಸ್ಥಿತಿಯ ಒಂದು ಮುಖ್ಯಾಂಶವನ್ನು ಗ್ರಹಿಸಿದಂತಾಗುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಪಾಸು ಹೊಂದಿರುವ ವಿದ್ಯಾರ್ಥಿಯ ಸ್ಥಿತಿಯೂ ಇದೇ. ಎದುರಿಗೆ ಬಂದು ನಿಂತ ಬಸ್ಸನ್ನು ಹತ್ತಿದರೆ ಕೈಯಿಂದ ಹಣ ಹೋಗುತ್ತದೆ, ಬಿಟ್ಟರೆ ಎಷ್ಟು ಹೊತ್ತು ಹೋಗುತ್ತದೆಂಬುದು ಗೊತ್ತಿಲ್ಲ. ಮುಂದಿನ ಸರ್ಕಾರಿ ಬಸ್ಸು ಹದಿನೈದು ನಿಮಿಷದಲ್ಲಿದೆಯೆಂದು ತಿಳಿದಿದ್ದರೆ ಆ ಅಜ್ಜಿ ನೆಮ್ಮದಿಯಿಂದ ಕಾಯುತ್ತಾರೆ. ಎರಡು ಗಂಟೆ ಇಲ್ಲವೆಂದು ತಿಳಿದಿದ್ದರೆ ಹಣ ತೆತ್ತು ಹೋಗುತ್ತಾರೆ ಅಥವಾ ಮನೆಗೆ ಮರಳಿ ಅಡುಗೆ ಮಾಡಿಟ್ಟು ಬರುತ್ತಾರೆ. ಎರಡೂ ತಿಳಿಯದಾಗ, ಬಡವರ ಹೊತ್ತಿಗೆ ಬೆಲೆಯೇ ಇಲ್ಲವೆಂಬಂತೆ ಮಧ್ಯಾಹ್ನವೆಲ್ಲ ಆ ಕಲ್ಲುಬೆಂಚಿನ ಮೇಲೆ ಕಳೆಯುತ್ತದೆ. ಉಚಿತ ಪ್ರಯಾಣವನ್ನು ನಾನು ಹೃತ್ಪೂರ್ವಕವಾಗಿ ಸ್ವಾಗತಿಸುವವನು. ಅದರ ಫಲ ಪೂರ್ಣವಾಗಿ ಕೈಸೇರಬೇಕಾದರೆ ಬಸ್ಸಿನ ಹೊತ್ತನ್ನೂ ಜನರ ಕೈಗೆ ಕೊಡಬೇಕೆಂಬುದಷ್ಟೇ ನನ್ನ ವಾದ.

ಕಾಯುವಿಕೆಯ ವಿಷಯದಲ್ಲಿ ಒಂದು ಸರಳ ಗಣಿತವುಂಟು. ಅದನ್ನು ಅರಿತರೆ ನಿಲುಗಡೆಯಲ್ಲಿ ನಿಂತವರ ದೂರು ಉತ್ಪ್ರೇಕ್ಷೆಯಲ್ಲವೆಂಬುದು ಸ್ಪಷ್ಟವಾಗುತ್ತದೆ. ಒಂದು ಮಾರ್ಗದಲ್ಲಿ ಗಂಟೆಗೆ ಎರಡು ಬಸ್ಸುಗಳಿವೆಯೆಂದು ಭಾವಿಸೋಣ. ಅವು ಸರಿಯಾಗಿ ಅರ್ಧ ಗಂಟೆಗೊಂದರಂತೆ ಬಂದರೆ, ಹೊತ್ತು ತಿಳಿಯದೆ ಬಂದು ನಿಂತವನು ಸರಾಸರಿ 15 ನಿಮಿಷ ಕಾಯುತ್ತಾನೆ. ಅವೇ ಎರಡು ಬಸ್ಸುಗಳು ಒಂದರ ಹಿಂದೆ ಹತ್ತು ನಿಮಿಷಕ್ಕೆ ಇನ್ನೊಂದು ಬಂದು, ಆಮೇಲೆ ಐವತ್ತು ನಿಮಿಷ ರಸ್ತೆ ಬರಿದಾದರೆ, ಸರಾಸರಿ 22 ನಿಮಿಷಕ್ಕೆ ಸಮೀಪಿಸುತ್ತದೆ. ಏಕೆಂದರೆ ಜನರಲ್ಲಿ ಹೆಚ್ಚಿನವರು ಬಂದು ನಿಲ್ಲುವುದು ಆ ಐವತ್ತು ನಿಮಿಷಗಳ ದೀರ್ಘಾವಧಿಯಲ್ಲಿಯೇ. ಎರಡೂ ಒಟ್ಟಿಗೆ ಬಂದುವೆಂದರೆ 30 ನಿಮಿಷ. ಬಸ್ಸಿನ ಸಂಖ್ಯೆ ಒಂದೇ, ಚಾಲಕರು ಅಷ್ಟೇ, ಉರಿದ ಡೀಸೆಲ್ ಅಷ್ಟೇ. ಕಾಯುವವರ ಪಾಲಿಗೆ ಮಾತ್ರ ಒಂದು ಬಸ್ಸು ಮಾಯವಾದಂತೆ. ಕಚೇರಿಯ ಕಡತದಲ್ಲಿ ಆ ದಿನದ ಟ್ರಿಪ್ಪುಗಳೆಲ್ಲ ನಡೆದಿರುತ್ತವೆಯಾದ್ದರಿಂದ ಅಲ್ಲಿ ಯಾವ ಲೋಪವೂ ಕಾಣುವುದಿಲ್ಲ.

ಬಸ್ಸುಗಳು ಹೀಗೆ ಜೊತೆಗೂಡಿ ಬರುವುದಕ್ಕೆ ಚಾಲಕರ ಸ್ವೇಚ್ಛೆಯೇ ಕಾರಣವೆಂದು ಭಾವಿಸುವುದು ಅನ್ಯಾಯ. ನ್ಯೂವೆಲ್ ಮತ್ತು ಪಾಟ್ಸ್ ಎಂಬಿಬ್ಬರು ವಿದ್ವಾಂಸರು 1964ರಲ್ಲಿಯೇ ಇದರ ಸೂತ್ರವನ್ನು ತೋರಿಸಿಕೊಟ್ಟಿದ್ದಾರೆ. ಮುಂದಿನ ಬಸ್ಸು ಯಾವುದೋ ಕಾರಣದಿಂದ, ಬಟವಾಡಿಯ ದಟ್ಟಣೆಯಲ್ಲಿಯೋ ಶಾಲೆ ಬಿಟ್ಟ ಮಕ್ಕಳ ಗುಂಪಿನಿಂದಲೋ, ಮೂರು ನಿಮಿಷ ತಡವಾಯಿತೆನ್ನಿ. ಅಷ್ಟರಲ್ಲಿ ಮುಂದಿನ ನಿಲುಗಡೆಯಲ್ಲಿ ಮತ್ತಷ್ಟು ಜನ ಸೇರಿರುತ್ತಾರೆ, ಅವರನ್ನು ಹತ್ತಿಸಿಕೊಂಡು ಟಿಕೆಟ್ಟು ಕೊಡುವಷ್ಟರಲ್ಲಿ ಇನ್ನೂ ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನರೇ ಉಳಿದಿರುವುದಿಲ್ಲವಾಗಿ ಅದು ಹಗುರಾಗಿ ಓಡಿಬಂದು ಮುಂದಿನದರ ಬೆನ್ನಿಗೆ ತಾಗಿ ನಿಲ್ಲುತ್ತದೆ. ಮೊದಲನೆಯದರ ಮೆಟ್ಟಿಲಿನ ಮೇಲೆ ಜೋತಾಡುವ ಜನ, ಎರಡನೆಯದರಲ್ಲಿ ಖಾಲಿ ಸೀಟು, ಬಿ.ಎಚ್. ರಸ್ತೆಯ ಬೆಳಗಿನ ನೋಟ ಇದು. ಇದಕ್ಕೆ ಪರಿಹಾರ ಚಾಲಕನನ್ನು ಗದರಿಸುವುದರಲ್ಲಿಲ್ಲ. ಮಾರ್ಗಮಧ್ಯದ ಒಂದೆರಡು ಸ್ಥಳಗಳಲ್ಲಿ ಬೇಗ ಬಂದ ಬಸ್ಸನ್ನು ತನ್ನ ಹೊತ್ತಿನವರೆಗೆ ನಿಲ್ಲಿಸಿ ಬಿಡಬೇಕು. ಒಂದು ಟ್ರಿಪ್ಪಿಗೆ ಇಂತಿಷ್ಟು ನಿಮಿಷವೆಂದು ಹಿಂದೆಂದೋ ಹಾಕಿದ ಲೆಕ್ಕವನ್ನು ಇಂದಿನ ಜನಸಂದಣಿಗೂ ಇಂದಿನ ರಸ್ತೆಗೂ ಅನುಗುಣವಾಗಿ ತಿದ್ದಬೇಕು. ಪಾಲಿಸಲಾಗದ ವೇಳೆಯನ್ನು ಕೊಟ್ಟು ಪಾಲಿಸಲಿಲ್ಲವೆಂದು ನೌಕರನ ವಿವರಣೆ ಕೇಳುವ ಪದ್ಧತಿ ಎಲ್ಲಿದ್ದರೂ ಸಲ್ಲದು.

ಹೊತ್ತು ತಿಳಿಯದೆ ಕಾಯುವ ಈ ಸ್ಥಿತಿಗೆ ವ್ಯತಿರಿಕ್ತವಾದ ಒಂದು ದೃಷ್ಟಾಂತ ನಮ್ಮ ಹಳ್ಳಿಗಳಲ್ಲಿಯೇ ಇದೆ. ರಾತ್ರಿ ಕೊನೆಯ ಟ್ರಿಪ್ಪಿನಲ್ಲಿ ಹಳ್ಳಿಗೆ ಬಂದು, ಅರಳಿಕಟ್ಟೆಯ ಪಕ್ಕದಲ್ಲಿಯೋ ಶಾಲೆಯ ಮುಂದೆಯೋ ನಿಂತು, ಚಾಲಕ ನಿರ್ವಾಹಕರು ಅಲ್ಲಿಯೇ ಮಲಗಿ, ನಸುಕಿನಲ್ಲಿ ಪಟ್ಟಣಕ್ಕೆ ಹೊರಡುವ ನೈಟ್ ಹಾಲ್ಟ್ ಬಸ್ಸನ್ನು ಕುಣಿಗಲ್, ಗುಬ್ಬಿ ತಾಲ್ಲೂಕುಗಳ ಜನ ಬಲ್ಲರು. ಆ ಬಸ್ಸಿನ ಹೊತ್ತನ್ನು ಯಾರೂ ಕೇಳುವುದಿಲ್ಲ. ಡೇರಿಗೆ ಹಾಲು ಹಾಕುವವರು, ಕಾಲೇಜಿಗೆ ಹೋಗುವವರು, ಮಾರುಕಟ್ಟೆಗೆ ಮೂಟೆ ಹೊರಿಸುವವರು, ಅದು ಸ್ಟಾರ್ಟ್ ಆದ ಸದ್ದಿಗೆ ಮನೆಯಿಂದ ಹೊರಡುತ್ತಾರೆ. ನಿರ್ವಾಹಕರಿಗೆ ಪ್ರತಿಯೊಬ್ಬರ ಹೆಸರೂ ಗೊತ್ತು. ಬರಬೇಕಾದ ಒಬ್ಬ ಹುಡುಗಿ ಕಾಣದಿದ್ದರೆ ಒಂದು ಸಲ ಹಾರ್ನ್ ಮಾಡಿಸಿ ನೋಡುವಷ್ಟು ಅಂತಃಕರಣವೂ ಉಂಟು. ಬಸ್ಸಿಗೂ ಜನರಿಗೂ ನಡುವೆ ಇಂತಹ ವಿಶ್ವಾಸ ಬೆಳೆದಿರುವುದಕ್ಕೆ ಕಾರಣ, ಅದರ ಹೊತ್ತು ಎರಡು ಕಡೆಯವರಿಗೂ ಸಮಾನವಾಗಿ ತಿಳಿದಿರುವುದು. ನಸುಕಿನ ಆ ಒಂದು ಟ್ರಿಪ್ಪಿಗೆ ಸಾಧ್ಯವಾದುದು ಹಗಲಿನ ಟ್ರಿಪ್ಪುಗಳಿಗೆ ಅಸಾಧ್ಯವೆಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ.

ಇನ್ನು ಮಾರ್ಗಗಳ ವಿಚಾರ. ತುಮಕೂರು ಈಗ ಬಿ.ಎಚ್. ರಸ್ತೆಯ ಎರಡು ಪಕ್ಕಗಳಿಗೆ ಸೀಮಿತವಾದ ಊರಲ್ಲ. ಶೆಟ್ಟಿಹಳ್ಳಿ, ಉಪ್ಪಾರಹಳ್ಳಿ, ಮರಳೂರು, ದಿಬ್ಬೂರುಗಳೆಲ್ಲ ನಗರವೇ ಆಗಿವೆ, ರಿಂಗ್ ರಸ್ತೆಯ ಸುತ್ತ ಬಡಾವಣೆಗಳು ಹಬ್ಬಿವೆ, ಅಂತರಸನಹಳ್ಳಿಯಲ್ಲಿ ಮಾರುಕಟ್ಟೆ ಪ್ರಾಂಗಣವೂ, ಅದರಾಚೆ ವಸಂತನರಸಾಪುರದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವೂ ಬೆಳೆದಿವೆ. ಬಸ್ಸುಗಳಾದರೋ ಬಹುಮಟ್ಟಿಗೆ ಇನ್ನೂ ನಿಲ್ದಾಣದಿಂದ ಹೊರಟು ನಿಲ್ದಾಣಕ್ಕೆ ಮರಳುವ ಹಳೆಯ ಕ್ರಮವನ್ನೇ ಅನುಸರಿಸುತ್ತವೆ. ಒಂದು ಬಡಾವಣೆಯಿಂದ ಅದರ ನೆರೆಯದಕ್ಕೆ ಹೋಗಬೇಕಾದವರೂ ನಗರದ ನಡುವಿಗೆ ಬಂದು, ಇಳಿದು, ಮತ್ತೊಂದು ಬಸ್ಸನ್ನು ಹಿಡಿದು ಬಂದ ದಿಕ್ಕಿಗೇ ಹಿಂತಿರುಗಬೇಕಾಗುತ್ತದೆ. ಇಲ್ಲವೆ ಆಟೋದವರು ಹೇಳಿದಷ್ಟು ಕೊಡಬೇಕಾಗುತ್ತದೆ. ಕಾರ್ಖಾನೆಯ ಪಾಳಿಗಳು ಬದಲಾಗುವ ಹೊತ್ತಿಗೂ ಬಸ್ಸಿನ ಹೊತ್ತಿಗೂ ಹೊಂದಿಕೆಯಿಲ್ಲದಿದ್ದರೆ ಕಾರ್ಮಿಕನಿಗೆ ಮಾರ್ಗವಿದ್ದೂ ಇಲ್ಲದಂತೆಯೇ.

ಗುಬ್ಬಿಯಿಂದ ಕುಣಿಗಲ್ಲಿಗೆ ಹೋಗುವವರ ಪಾಡನ್ನು ನೋಡಿದರೆ ಈ ಹೊಂದಿಕೆಯ ಮಹತ್ತ್ವ ತಿಳಿಯುತ್ತದೆ. ಒಂದೇ ಜಿಲ್ಲೆಯ ಎರಡು ತಾಲ್ಲೂಕು ಕೇಂದ್ರಗಳಾದರೂ ಅವುಗಳ ನಡುವೆ ಸಂಚರಿಸುವ ಬಹುಮಂದಿ ತುಮಕೂರಿಗೆ ಬಂದು ಬಸ್ಸು ಬದಲಿಸಿಯೇ ಹೋಗಬೇಕು. ಗುಬ್ಬಿಯ ಬಸ್ಸು ನಿಲ್ದಾಣದೊಳಕ್ಕೆ ಪ್ರವೇಶಿಸುವುದಕ್ಕೂ ಕುಣಿಗಲ್ಲಿನ ಬಸ್ಸು ಅಲ್ಲಿಂದ ಹೊರಡುವುದಕ್ಕೂ ಐದು ಹತ್ತು ನಿಮಿಷಗಳ ಅಂತರವಿಟ್ಟರೆ ಆ ಪ್ರಯಾಣ ಸುಗಮ. ಎರಡೂ ಒಂದೇ ನಿಮಿಷಕ್ಕೆ ಎದುರುಬದುರಾದರೆ, ಕಣ್ಣೆದುರಿಗೇ ಹೋಗುವ ಬಸ್ಸಿನ ಹಿಂದೆ ಮೂಟೆ ಹೊತ್ತು ಓಡುವುದು, ಸಿಗದೆ ಮುಂದಿನದಕ್ಕೆ ಕೂರುವುದು. ಪ್ರತಿಯೊಂದು ಮಾರ್ಗದ ವೇಳೆಯನ್ನೂ ಬೇರೆ ಬೇರೆಯಾಗಿ ಬರೆದವರು ಎರಡು ಕಾಗದಗಳನ್ನು ಒಂದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ತೀರುವ ಕಷ್ಟ ಇದು.

ಬೈಪಾಸುಗಳ ಕಥೆ ಬೇರೊಂದು ಬಗೆಯದು. ಬೆಂಗಳೂರಿನಿಂದ ಚಿತ್ರದುರ್ಗ, ದಾವಣಗೆರೆಗಳ ಕಡೆಗೆ ಹೋಗುವ ದೂರದ ಬಸ್ಸುಗಳಲ್ಲಿ ಅನೇಕವು ತುಮಕೂರಿನೊಳಕ್ಕೆ ಬಾರದೆ ಹೊರಗಿನಿಂದಲೇ ಹೋಗುತ್ತವೆ. ಹಾಸನ, ಮಂಗಳೂರುಗಳ ಕಡೆಯವು ಕುಣಿಗಲ್ಲನ್ನು ಬಳಸಿಕೊಂಡು ಹೋಗುವುದುಂಟು. ದೂರದ ಪ್ರಯಾಣಿಕರಿಗೆ ಇದರಿಂದ ಹೊತ್ತು ಉಳಿಯುವುದೇನೋ ನಿಜ. ಆದರೆ ಬೆಂಗಳೂರಿನಲ್ಲಿ ಬಸ್ಸಿನ ಮೆಟ್ಟಿಲ ಬಳಿ ನಿಂತು "ಊರೊಳಗೆ ಹೋಗುತ್ತಾ ಸಾರ್?" ಎಂದು ಕೇಳುವ ಕುಣಿಗಲ್ಲಿನವನ ಪ್ರಶ್ನೆಗೆ ಆ ಬಸ್ಸಿನ ನಾಮಫಲಕವೇ ಉತ್ತರ ಹೇಳಬೇಕಾಗಿತ್ತು. ರಾತ್ರಿ ಹತ್ತು ಗಂಟೆಯ ಮೇಲೆ ಮಕ್ಕಳೊಡನೆ ಹೆದ್ದಾರಿಯ ಬದಿಯಲ್ಲಿ, ದೀಪವಿಲ್ಲದ ಕಡೆ ಇಳಿಯಬೇಕಾಗಿ ಬಂದ ಕುಟುಂಬಕ್ಕೆ ಉಳಿದ ಒಂದೆರಡು ಕಿಲೋಮೀಟರುಗಳು ಅದುವರೆಗಿನ ಎಪ್ಪತ್ತಕ್ಕಿಂತ ದೀರ್ಘವಾಗಿ ತೋರುತ್ತವೆ. ಒಳಗೆ ಬರುವ ಬಸ್ಸು ಯಾವುದು, ಹೊರಗೆ ಹೋಗುವುದು ಯಾವುದು ಎಂದು ಫಲಕದಲ್ಲಿ ಬರೆಸುವುದಕ್ಕೆ ಬೇಕಾದುದು ಒಂದು ಡಬ್ಬಿ ಬಣ್ಣ.

ನಿಲುಗಡೆ ಎಲ್ಲಿರಬೇಕೆಂಬ ಪ್ರಶ್ನೆ ಮೇಲುನೋಟಕ್ಕೆ ಕ್ಷುಲ್ಲಕವಾಗಿ ಕಂಡರೂ ಪ್ರಾಣಾಪಾಯದ ಪ್ರಶ್ನೆ ಅದೇ. ನಮ್ಮ ಊರುಗಳಲ್ಲಿ ಜನ ಸೇರುವುದು ವೃತ್ತಗಳಲ್ಲಿ, ಅಡ್ಡರಸ್ತೆ ಕೂಡುವ ಹ್ಯಾಂಡ್‌ಪೋಸ್ಟುಗಳಲ್ಲಿ; ಆದುದರಿಂದ ಬಸ್ಸು ನಿಲ್ಲುವುದೂ ಅಲ್ಲಿಯೇ. ಹನ್ನೆರಡು ಮೀಟರಿನಷ್ಟು ಉದ್ದದ ಬಸ್ಸು ವೃತ್ತದ ಬಾಯಿಯಲ್ಲಿ ನಿಂತರೆ ಅದರ ಹಿಂದಿನ ವಾಹನಗಳೆಲ್ಲ ನಿಂತು, ಎಡಕ್ಕೆ ತಿರುಗಬೇಕಾದವರು ಬಲಗಡೆಯಿಂದ ನುಗ್ಗಿ, ಇಳಿದ ಪ್ರಯಾಣಿಕ ಬಸ್ಸಿನ ಮುಂಭಾಗದಿಂದಲೇ ರಸ್ತೆ ದಾಟಲು ಹೆಜ್ಜೆಯಿಟ್ಟಾಗ, ಬಸ್ಸಿನ ಮರೆಯಲ್ಲಿ ಬರುತ್ತಿರುವ ದ್ವಿಚಕ್ರ ವಾಹನ ಅವನಿಗೂ ಕಾಣುವುದಿಲ್ಲ, ಅವನು ಅದಕ್ಕೂ ಕಾಣುವುದಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸು 1981ರಲ್ಲಿ ಗ್ರಾಮಾಂತರ ಹೆದ್ದಾರಿಗಳ ಬಸ್ ನಿಲುಗಡೆಗಳಿಗೆಂದು ಪ್ರಕಟಿಸಿದ ಮಾದರಿಯಲ್ಲಿ, ದೊಡ್ಡ ಕೂಡುರಸ್ತೆಯಿಂದ ನಿಲುಗಡೆ 300 ಮೀಟರ್ ದೂರವಿರುವುದು ಅಪೇಕ್ಷಣೀಯವೆಂದೂ, ಚಿಕ್ಕವುಗಳಲ್ಲಿ 60 ಮೀಟರ್ ಸಾಕೆಂದೂ ಹೇಳಿದೆ. ನಗರದೊಳಗೆ ಮುನ್ನೂರು ಮೀಟರನ್ನು ಅಕ್ಷರಶಃ ಪಾಲಿಸಲಾಗದು. ಅಷ್ಟು ದೂರ ನಡೆಯಬೇಕಾಗಿ ಬಂದರೆ ವೃದ್ಧರೂ ರೋಗಿಗಳೂ ಬಳಲುತ್ತಾರೆ. ಹಾಗೆಂದು ವೃತ್ತದ ನಡುವೆಯೇ ಬಸ್ಸು ನಿಲ್ಲುವುದು ಸರಿಯಾಗುವುದಿಲ್ಲ. ವೃತ್ತವನ್ನು ದಾಟಿದ ಮೇಲೆ ಐವತ್ತು ಅರವತ್ತು ಮೀಟರಿನಾಚೆ, ಪಾದಚಾರಿಗಳು ಬಸ್ಸಿನ ಹಿಂಭಾಗದಿಂದ ದಾಟುವಂತೆ ಗುರುತು ಹಾಕಿದ ಸ್ಥಳದಲ್ಲಿ ನಿಲ್ಲಿಸುವುದೇ ಮಧ್ಯಮಮಾರ್ಗ.

ಇಲ್ಲಿ ಇನ್ನೊಂದು ವಿಪರ್ಯಾಸವೂ ಸೇರಿಕೊಂಡಿದೆ. ತಂಗುದಾಣವಿರುವುದು ಒಂದು ಕಡೆ, ಬಸ್ಸು ನಿಲ್ಲುವುದು ಇನ್ನೊಂದು ಕಡೆ. ಜಾಗ ಸಿಕ್ಕಿದ ಕಡೆ, ಅನುದಾನ ಬಂದಾಗ, ತಂಗುದಾಣ ಕಟ್ಟಲಾಗುತ್ತದೆ. ಬಸ್ಸಿನವರಾದರೋ ಜನ ನಿಂತ ಕಡೆ ನಿಲ್ಲಿಸುತ್ತಾರೆ. ಜನ, ಬಸ್ಸು ನಿಲ್ಲುವ ಕಡೆ ನಿಲ್ಲುತ್ತಾರೆ. ತಂಗುದಾಣದ ನೆರಳಿನಲ್ಲಿ ಕುಳಿತವರು ಬಸ್ಸು ಕಂಡೊಡನೆ ನೂರು ಅಡಿ ಓಡಬೇಕಾದುದರಿಂದ ಕ್ರಮೇಣ ಯಾರೂ ಕೂರುವುದಿಲ್ಲ. ಅಲ್ಲಿ ದ್ವಿಚಕ್ರ ವಾಹನಗಳು ನಿಲ್ಲುತ್ತವೆ. ಕೆಲವೆಡೆ ಒಂದು ಪಕ್ಕದಲ್ಲಿ ಸುಸಜ್ಜಿತ ತಂಗುದಾಣವಿದ್ದು, ಎದುರು ದಿಕ್ಕಿಗೆ ಹೋಗುವವರಿಗೆ ಒಂದು ಕಂಬವೂ ಇರುವುದಿಲ್ಲ, ಬೆಳಗ್ಗೆ ಹೋದವರೆಲ್ಲ ಸಂಜೆ ಮರಳುವರೆಂಬುದನ್ನು ಯಾರೂ ಯೋಚಿಸಿರದಂತೆ. ಬಸ್ಸು ನಿಲ್ಲುವ ಸ್ಥಳವನ್ನು ಗೊತ್ತುಮಾಡುವ ಅಧಿಕಾರ ಮೋಟಾರು ವಾಹನಗಳ ಅಧಿನಿಯಮದ 117ನೆಯ ಪ್ರಕರಣದಂತೆ ರಾಜ್ಯಸರ್ಕಾರಕ್ಕೋ ಅದು ನೇಮಿಸಿದ ಪ್ರಾಧಿಕಾರಕ್ಕೋ ಇದೆ, ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ. ಅಂದರೆ ರಸ್ತೆಯವರು, ಬಸ್ಸಿನವರು, ಊರಿನವರು ಒಟ್ಟಿಗೆ ನಿಂತು ನೋಡಿ ನಿರ್ಧರಿಸಬೇಕಾದ ಕಾರ್ಯವಿದು. ನೋಡುವ ಹೊತ್ತು ಬೆಳಗಿನ ಎಂಟೂವರೆಯಾಗಿರಬೇಕು; ಹನ್ನೊಂದರ ಮೇಲೆ ಬಂದರೆ ತೊಂದರೆ ಕಾಣಸಿಗುವುದಿಲ್ಲ.

ಸಾರ್ವಜನಿಕ ಸಾರಿಗೆಯ ಚರಿತ್ರೆಯಲ್ಲಿ ನಮ್ಮ ನಾಡು ಹಿಂದುಳಿದದ್ದಲ್ಲ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಕಾರ್ಯಾರಂಭ ಮಾಡಿತು. 1961ರ ಆಗಸ್ಟ್ 1ರಂದು ಅದು ನಿಗಮದ ರೂಪ ತಾಳಿತು. 2012ರಲ್ಲಿ ಮೈಸೂರು ನಗರದ ಬಸ್ಸುಗಳಿಗೆ ಉಪಗ್ರಹದ ನೆರವಿನ ಸ್ಥಳಸೂಚಕಗಳನ್ನು ಅಳವಡಿಸಿ, ಮುಂದಿನ ಬಸ್ಸು ಎಷ್ಟು ನಿಮಿಷದಲ್ಲಿ ಬರುವುದೆಂಬುದನ್ನು ನಿಲುಗಡೆಯ ಫಲಕದಲ್ಲಿ ತೋರಿಸುವ ವ್ಯವಸ್ಥೆಯನ್ನು ಇದೇ ನಿಗಮ ಜಾರಿಗೆ ತಂದಿತು. ಇಂತಹುದು ತುಮಕೂರಿಗೂ ತಾಲ್ಲೂಕುಗಳಿಗೂ ಬರಲಿ. ಆದರೆ ವಿದ್ಯುತ್ ಫಲಕ ಕೆಟ್ಟರೆ ರಿಪೇರಿಗೆ ಆಳು ಬೇಕು, ಮೊಬೈಲಿನ ಆ್ಯಪ್ ನೋಡಲು ಮೊಬೈಲು ಬೇಕು, ಓದಿನ ಅಭ್ಯಾಸ ಬೇಕು. ಗೋಡೆಯ ಮೇಲೆ ಬರೆದ ಅಂಕಿ ಕೆಡುವುದಿಲ್ಲ. ಓದಲು ಬಾರದವರಿಗೂ ಪಕ್ಕದಲ್ಲಿ ಕುಳಿತ ಶಾಲೆಯ ಹುಡುಗ ಓದಿ ಹೇಳಿಯಾನು.

ಬರೆಯುವ ಅಂಕಿ ನೆನಪಿನಲ್ಲಿ ಉಳಿಯುವಂತಹುದಾಗಿದ್ದರೆ ಇನ್ನೂ ಲೇಸು. ಸ್ವಿಟ್ಜರ್ಲೆಂಡಿನವರು 1982ರಲ್ಲಿ ದೇಶಾದ್ಯಂತ ರೈಲುಗಳಿಗೆ ಒಂದು ಕ್ರಮವನ್ನು ಜಾರಿಗೆ ತಂದರು: ಒಂದು ನಿಲ್ದಾಣದಿಂದ ಒಂದು ದಿಕ್ಕಿಗೆ ಹೊರಡುವ ರೈಲು ಪ್ರತಿ ಗಂಟೆಯಲ್ಲಿಯೂ ಅದೇ ನಿಮಿಷಕ್ಕೆ ಹೊರಡತಕ್ಕದ್ದು. ಏಳು ಹತ್ತಕ್ಕೆ ಹೊರಟರೆ ಎಂಟು ಹತ್ತಕ್ಕೆ, ಒಂಬತ್ತು ಹತ್ತಕ್ಕೆ. ಪುಸ್ತಕ ತೆರೆಯದೆಯೇ ಜನ ವೇಳಾಪಟ್ಟಿಯನ್ನು ಕಂಠಸ್ಥಮಾಡಿಕೊಂಡರು; ಒಂದು ರೈಲಿನಿಂದ ಇನ್ನೊಂದಕ್ಕೆ ಬದಲಿಸುವುದೂ ಹೊಂದಿಕೆಯಾಯಿತು. ಗುಬ್ಬಿಯಿಂದ ಪ್ರತಿ ಗಂಟೆಯ ಹತ್ತನೆಯ ನಿಮಿಷಕ್ಕೂ ನಲವತ್ತನೆಯ ನಿಮಿಷಕ್ಕೂ ಒಂದೊಂದು ಸರ್ಕಾರಿ ಬಸ್ಸು ಎಂದಾದರೆ ತಾಲ್ಲೂಕಿನ ಮಗುವಿಗೂ ಅದು ಬಾಯಿಪಾಠವಾಗುತ್ತದೆ. ಇದರಲ್ಲಿ ಬಹುಭಾಗ ಈಗ ಓಡುತ್ತಿರುವ ಬಸ್ಸುಗಳನ್ನೇ ಮರುಹೊಂದಿಸಿ ಮಾಡಬಹುದಾದ ಕೆಲಸ. ಹೊಸ ಬಸ್ಸು ಬಂದ ಮೇಲೆ ನೋಡೋಣವೆಂದು ಕಾಯಬೇಕಾದ ಅಗತ್ಯ ಇದಕ್ಕಿಲ್ಲ.

ವೇಳಾಪಟ್ಟಿಯ ಷರತ್ತನ್ನು ವಿಧಿಸಬಲ್ಲ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಓದುಗರಲ್ಲಿ ನನ್ನ ವಿನಂತಿ ಇಷ್ಟು: ಬಸ್ಸು ಸಾಲದೆಂಬ ಸಾಮಾನ್ಯ ದೂರಿನ ಜೊತೆಗೆ, ತಮ್ಮ ತಮ್ಮ ನಿಲುಗಡೆಯ ಹೆಸರನ್ನು ಬರೆದು, ಅಲ್ಲಿ ಬಸ್ಸು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ತಿಳಿಸಿ, 72ನೆಯ ಪ್ರಕರಣದಂತೆ ಆ ನಿಲುಗಡೆಯಲ್ಲಿ ವೇಳಾಪಟ್ಟಿಯನ್ನು ಕನ್ನಡದಲ್ಲಿ, ದೊಡ್ಡ ಅಂಕಿಗಳಲ್ಲಿ ಪ್ರದರ್ಶಿಸಬೇಕೆಂದು ಒಂದು ಅರ್ಜಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆದುಕೊಳ್ಳಿ. ಸಾಧ್ಯವಾದರೆ ಅದೇ ನಿಲುಗಡೆಯಲ್ಲಿ ದಿನವೂ ಕಾಯುವ ಇತರರ ಸಹಿಯನ್ನೂ, ಸಹಿ ಬಾರದವರ ಹೆಬ್ಬೆಟ್ಟನ್ನೂ ಹಾಕಿಸಿ.